ಹಿತೈಷಿಯ ಅರ್ಜಿ

ಇಸ್ತ್ರಿಯವಳು ಹೇಡಿ. ಚಾಡಿ ಹೇಳುವವರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಹೇಳಿದ್ದರ ಕೆಳಗೆ ತನ್ನ ಹೆಸರು ಹಾಕದವಳು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ.

ಬೀದಿಯ ತಿರುವಿನಲ್ಲಿ ಅವಳ ಮೇಜು ನಿಂತು ಇಪ್ಪತ್ತೆರಡು ವರ್ಷವಾಗಿತ್ತು. ಯಾರ ಗಂಡ ದಪ್ಪಗಾಗಿದ್ದಾನೆ, ಯಾರ ಮನೆಯಲ್ಲಿ ನೆಂಟರು ಜಾಂಡಾ ಹೂಡಿದ್ದಾರೆ, ಎಲ್ಲವೂ ಬಟ್ಟೆಗಂಟು ಬಿಚ್ಚಿದ ಕೂಡಲೇ ಅವಳಿಗೆ ತಿಳಿಯುತ್ತಿತ್ತು. ಇಸ್ತ್ರಿಯಾದ ಗಂಟಿಗೆ ಮನೆ ನಂಬರು, ಬಟ್ಟೆ ಎಷ್ಟು ಎಂದು ಬರೆದ ಚೀಟಿ ಸಿಕ್ಕಿಸಿ ಕಳಿಸುತ್ತಿದ್ದಳು.

ಹದಿನಾಲ್ಕನೇ ನಂಬರು ನರ್ಸಮ್ಮನದು. ನಿವೃತ್ತಿಯಾಗಿ ಹತ್ತು ವರ್ಷ ಕಳೆದಿದ್ದರೂ ಆಕೆಗೆ ಗಂಜಿ ಹಾಕಿದ ಬಿಳಿ ಬಟ್ಟೆಯೇ ಆಗಬೇಕು. ಒಮ್ಮೆ ಕಾಲರು ಸುಟ್ಟಿದ್ದಕ್ಕೆ ನಡುಬೀದಿಯಲ್ಲೇ, “ಇಷ್ಟು ವರ್ಷ ಆದ್ರೂ ನಿನ್ನ ಕೈಗೆ ಬುದ್ಧಿ ಬರ್ಲಿಲ್ವಲ್ಲೇ!” ಎಂದಿದ್ದಳು. ನಾಲ್ಕು ಜನ ನಕ್ಕಿದ್ದರು. ಆ ನಗು ಇಸ್ತ್ರಿಯವಳೊಳಗೆ ಬೂದಿ ಮುಚ್ಚಿಕೊಂಡು ಕೂತಿತ್ತು.

ಈಗ ಐದು ತಿಂಗಳಿಂದ ಆ ಮನೆಯ ಬಿಳಿ ಬಟ್ಟೆ ಬರಲೇ ಇಲ್ಲ. ಬಂದವು ಯಾವನೋ ಗಂಡಸಿನ ಚೌಕಳಿ ಅಂಗಿಗಳು. ಸ್ವಂತ ಮನೆಯಲ್ಲಿ ತಾವೇ ವಾಸವಿರುವ ವಯಸ್ಸಾದವರಿಗೆ ಮನೆ ತೆರಿಗೆಯಲ್ಲಿ ಅರ್ಧ ಮಾಫಿ. ನರ್ಸಮ್ಮನಿಗೂ ಅದು ಸಿಗುತ್ತಿತ್ತು. ಮನೆ ಬಾಡಿಗೆಗೆ ಕೊಟ್ಟು ಎಲ್ಲೋ ಹಾಯಾಗಿದ್ದಾಳೆ, ಮಾಫಿಯನ್ನೂ ನುಂಗುತ್ತಿದ್ದಾಳೆ ಎಂದು ಇಸ್ತ್ರಿಯವಳು ತೀರ್ಮಾನಿಸಿದಳು. ತೆರಿಗೆ ಆಫೀಸಿಗೆ ಅರ್ಜಿ ಗೀಚಿ, ಸಹಿಯ ಜಾಗದಲ್ಲಿ ‘ಹಿತೈಷಿ’ ಎಂದು ಬರೆದಳು.

ಹತ್ತನೇ ದಿನ ತೆರಿಗೆ ಗುಮಾಸ್ತ ಫೈಲು ಹಿಡಿದು ಬಂದ. ತಪಾಸಣೆಗೆ ನೆರೆಹೊರೆಯ ಸಾಕ್ಷಿಯೊಬ್ಬರು ಬೇಕು. ಬೀದಿಯಲ್ಲಿ ಅವನ ಕಣ್ಣಿಗೆ ಬಿದ್ದವಳು ಅವಳೊಬ್ಬಳೇ.

“ಒಂದು ಸಹಿ ಅಷ್ಟೇ, ಬಾರಮ್ಮ.”

“ಪೆಟ್ಟಿಗೆ ಕಾದಿದೆ ಸ್ವಾಮಿ...”

“ಆರಿದ್ರೆ ಮತ್ತೆ ಕಾಯುತ್ತೆ. ನಡಿ.”

ಬಾಗಿಲು ತೆಗೆದವನು ಚೌಕಳಿ ಅಂಗಿಯವನೇ. “ಅತ್ತೆ ಯಾರನ್ನೂ ಒಳಗೆ ಬಿಡಬೇಡ ಅಂದಿದ್ದಾರೆ,” ಎಂದ.

“ಯಾರೋ ‘ಹಿತೈಷಿ’ ಅರ್ಜಿ ಹಾಕಿದ್ದಾರೆ. ಕಣ್ಣಲ್ಲಿ ನೋಡದೆ ವಾಸ ಇದ್ದಾರೆ ಅಂತ ಹೇಗೆ ಬರೀಲಿ?” ಎಂದ ಗುಮಾಸ್ತ.

ಒಳಕೋಣೆಯ ಮಂಚದ ಮೇಲೆ ನರ್ಸಮ್ಮ ಮಲಗಿದ್ದಳು. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ಮೈಮೇಲೆ ಒಗೆದು ಒಗೆದು ಬಣ್ಣ ಹೋದ, ಮುದುರಿದ ನೈಟಿ. ಇಸ್ತ್ರಿ ಕಾಣದ ಬಟ್ಟೆಯೊಳಗೂ ಮನುಷ್ಯರಿರುತ್ತಾರೆ ಎಂಬುದು ಇಪ್ಪತ್ತೆರಡು ವರ್ಷದಲ್ಲಿ ಇಸ್ತ್ರಿಯವಳಿಗೆ ಹೊಳೆದೇ ಇರಲಿಲ್ಲ.

“ಬದುಕಿದ್ದೀನಿ ಅಂತ ಬರ್ಕೊಳ್ಳಿ,” ಎಂದಳು ನರ್ಸಮ್ಮ. “ಅನುಮಾನ ಇದ್ರೆ ನಾಡಿ ಹಿಡಿದು ನೋಡಿ. ಹಿಡಿಯೋದು ನಾನೇ ಹೇಳ್ಕೊಡ್ತೀನಿ.”

ಗುಮಾಸ್ತ ತಲೆ ತಗ್ಗಿಸಿ, ಮಾಫಿ ಮುಂದುವರಿಯಲಿ ಎಂದು ಬರೆದ. ಇಸ್ತ್ರಿಯವಳು ಅದರ ಕೆಳಗೆ ಸಹಿ ಹಾಕಿದಳು.

“ಈ ಅವತಾರ ಬೀದಿಯೋರು ನೋಡಬಾರ್ದು ಅಂತ ಐದು ತಿಂಗಳು ಬಾಗಿಲು ಹಾಕ್ಕೊಂಡಿದ್ದೆ,” ಎಂದಳು ನರ್ಸಮ್ಮ. “ಯಾರೋ ಹಿತೈಷಿ ತೆಗೆಸಿಬಿಟ್ರು. ಯಾರಿರಬಹುದೇ?”

“ನಂಗೇನ್ ಗೊತ್ತಮ್ಮ.”

ಹೇಳಿಬಿಟ್ಟಳು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು. ಅದು ಬಿಡಲಿಲ್ಲ. ಬಾಗಿಲಲ್ಲಿ ಚೌಕಳಿ ಅಂಗಿಯ ಸೋದರಳಿಯ ಬೇರೆ, “ನೀವೊಬ್ಬರಾದ್ರೂ ಬಂದು ನೋಡಿದ್ರಲ್ಲ, ದೊಡ್ಡ ಉಪಕಾರ,” ಎಂದು ಕೈಮುಗಿದ. ಅವಳು ತಿರುಗಿ ಒಳಗೆ ಹೋಗಿ, ಕುರ್ಚಿಯ ಮೇಲಿದ್ದ ಇನ್ನೊಂದು ನೈಟಿಯನ್ನು ಎತ್ತಿಕೊಂಡಳು.

“ಇಸ್ತ್ರಿ ಮಾಡಿ ತರ್ತೀನಿ.”

“ತಗೊಂಡ್ ಹೋಗು. ಅದಕ್ಕೆ ಕಾಲರಿಲ್ಲ, ಧೈರ್ಯವಾಗಿ ಮಾಡು.”

ಅಂದು ಸಂಜೆಯೊಳಗೆ ನೈಟಿ ಸಿದ್ಧವಾಯಿತು. ಚೀಟಿ ಬರೆಯಲು ಮಾತ್ರ ಮಾರನೆಯ ಮಧ್ಯಾಹ್ನವಾಯಿತು. ಬಾಗಿಲಿಗೆ ಬಂದ ಸೋದರಳಿಯ ಕೈಚಾಚಿದರೆ ಅವಳು ಕೊಡಲಿಲ್ಲ.

“ಅವರ ಕೈಗೇ ಕೊಡಬೇಕು.”

ನರ್ಸಮ್ಮ ನೈಟಿಯ ಮಡಿಕೆಯ ಮೇಲೆ ಬಲಗೈ ಆಡಿಸಿದಳು. ಚೀಟಿ ಬೆರಳಿಗೆ ಸಿಕ್ಕಿತು. ಹದಿನಾಲ್ಕು, ಬಟ್ಟೆ ಒಂದು, ಅದರ ಕೆಳಗೆ ಇನ್ನೊಂದು ಸಾಲು, ಸಾಲಿನ ಕೆಳಗೆ ಇಸ್ತ್ರಿಯವಳ ಹೆಸರು.

“ಇದೇನೇ, ಕಥೆ ಬರೆದಿದ್ದೀಯ? ಕನ್ನಡಕ ಎಲ್ಲಿ?”

ಕನ್ನಡಕ ಕಿಟಕಿಯ ಮೇಲಿತ್ತು. ಇಸ್ತ್ರಿಯವಳು ಅದನ್ನು ತಂದು, ಸೆರಗಿನಿಂದ ಒರೆಸಿ, ಆಕೆಯ ಕಿವಿಗೆ ಸಿಕ್ಕಿಸಿ, ಮಂಚದ ಪಕ್ಕದಲ್ಲಿ ನಿಂತಳು.