ಬರ್ತೀನಿ ಅನ್ನದವರ ಮನೆ

ಯಾರ ಮನೆಯಿಂದ ಎದ್ದು ಹೊರಟರೂ ಅವನು ‘ಹೋಗ್ತೀನಿ’ ಎನ್ನುತ್ತಿದ್ದ. ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಹೊಸಿಲ ಹತ್ತಿರ ನಿಂತು ಯಾರಾದರೂ ಹೋಗ್ತೀನಿ ಅನ್ನುವುದುಂಟೇ? ಹೋಗಿ ಬರ್ತೀನಿ ಅನ್ನಬೇಕು, ಅಷ್ಟು ಉದ್ದ ಬೇಡವಾದರೆ ಬರ್ತೀನಿ ಅಂದರೂ ಸಾಕು. ಮಾತು ಕಲಿಯುವ ಮಗುವಿಗೂ ಮೊದಲು ಹೇಳಿಕೊಡುವುದು ಇದನ್ನೇ. ಅವನ ಅಕ್ಕ ಬದುಕಿದ್ದಷ್ಟು ದಿನ ಬೈದಳು. ‘ಬಿಡ್ತು ಅನ್ನು. ಬರ್ತೀನಿ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?’ ಅವನು ಚಪ್ಪಲಿ ಮೆಟ್ಟುತ್ತ, ‘ಬರೋದಿದ್ರೆ ಬರ್ತೀನಿ ಅಂತೀನಿ ಅಕ್ಕ’ ಎನ್ನುತ್ತಿದ್ದ. ಹೇಳಿ ಹೇಳಿ ಅಕ್ಕನಿಗೇ ಸಾಕಾಯಿತು.

ಒಂದು ಮಾತಿನ ಮೇಲೆ ಇಷ್ಟು ಸಿಟ್ಟು ಯಾಕೆ ಅಂದರೆ, ಅದಕ್ಕೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಅವನಿಗೆ ಇಪ್ಪತ್ತೆರಡು. ಕಬ್ಬಿಣ ಕೊರೆಯುವ ಕಾರ್ಖಾನೆಯೊಂದರಲ್ಲಿ ಅವನೂ ಸೇರಿ ನಾಲ್ವರು ಗೆಳೆಯರು ಒಂದೇ ಪಾಳಿಯಲ್ಲಿ ದುಡಿಯುತ್ತಿದ್ದರು. ಊಟದ ಬಿಡುವಿನಲ್ಲಿ ತಾರಸಿ ಹತ್ತಿ ಕೂತರೆಂದರೆ ಒಂದೇ ಮಾತು: ಇದನ್ನೆಲ್ಲ ಬಿಟ್ಟು ಹೋಗಿಬಿಡೋಣ. ಗುಡ್ಡದ ಹಿಂದೆ, ಬಸ್ಸು ನಿಲ್ಲುವ ಜಾಗದಿಂದ ಎರಡು ಗಂಟೆ ನಡೆದರೆ, ಯಾರೋ ಕಟ್ಟಿ ಕೈಬಿಟ್ಟ ಕಲ್ಲುಗೋಡೆಯ ಮನೆಯೊಂದಿತ್ತು. ಪಕ್ಕದಲ್ಲೇ ತೊರೆ. ಕರೆಂಟು ಬೇಡ, ಗಡಿಯಾರ ಬೇಡ, ಮೇಸ್ತ್ರಿಯ ಬೈಗುಳ ಬೇಡ. ಬೆಳೆದದ್ದನ್ನು ತಿನ್ನುವುದು, ಕತ್ತಲಾದರೆ ಮಲಗುವುದು. ಎರಡು ವರ್ಷ ಇದೇ ಧ್ಯಾನ. ಬೀಜ ಒಬ್ಬನ ಪಾಲಿಗೆ, ಹಾರೆ ಗುದ್ದಲಿ ಇನ್ನೊಬ್ಬನ ಪಾಲಿಗೆ, ಔಷಧಿ ಡಬ್ಬಿ ಮತ್ತೊಬ್ಬನಿಗೆ, ಪಾತ್ರೆಪಡಗ ಇವನಿಗೆ ಎಂದೂ ಆಯಿತು. ರೇಡಿಯೋ ಒಯ್ಯಬೇಕೋ ಬೇಡವೋ ಎಂದು ಜಗಳವಾಗಿ ಒಂದು ವಾರ ಮಾತು ಬಿಟ್ಟದ್ದೂ ಉಂಟು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಅಂದರೆ ಇದೇ.

ದಿನ ಗೊತ್ತಾಯಿತು. ಹಿಂದಿನ ಸಂಜೆ ಕಾರ್ಖಾನೆಯ ಗೇಟಿನ ಮುಂದೆ ನಿಂತು ಇವನು, ‘ನಾಳೆ ಬೆಳಿಗ್ಗೆ ಆರರ ಬಸ್ಸು, ಮರೀಬೇಡ್ರೋ’ ಎಂದ. ಒಬ್ಬ ಸೈಕಲ್ ಹತ್ತುತ್ತ ‘ಬರ್ತೀನಿ’ ಅಂದ. ಇನ್ನೊಬ್ಬ ಕೈ ಎತ್ತಿ ‘ಬರ್ತೀನಪ್ಪ’ ಅಂದ. ಮೂರನೆಯವನು ಬೆನ್ನು ತಟ್ಟಿ ‘ಸರಿ, ನಾನೂ ಬರ್ತೀನಿ’ ಅಂದ. ಇನ್ನೇನು ಬೇಕು?

ಬೆಳಿಗ್ಗೆ ಒಬ್ಬನೂ ಬರಲಿಲ್ಲ. ಮುಂದಿನ ಬಸ್ಸಿಗೆ ಬರುತ್ತಾರೆ, ನಾನು ಹೋಗಿ ಕಸ ಗುಡಿಸಿಟ್ಟಿರುತ್ತೇನೆ ಅಂದುಕೊಂಡು ಇವನು ಹತ್ತಿಯೇಬಿಟ್ಟ. ಕಲ್ಲುಮನೆ ಗುಡಿಸಿದ. ನಾಲ್ಕು ಜನಕ್ಕೆಂದು ತಂದ ದೊಡ್ಡ ಪಾತ್ರೆಯ ತಳದಲ್ಲಿ ಒಂದು ಹಿಡಿ ಅಕ್ಕಿ ಬೇಯಿಸಿಕೊಂಡು ತಿಂದ. ದಿನಾ ಎರಡು ಗಂಟೆ ನಡೆದು ರಸ್ತೆಗಿಳಿದು, ಬಸ್ಸಿನಿಂದ ಇಳಿದವರ ಮುಖ ನೋಡಿ, ಎರಡು ಗಂಟೆ ನಡೆದು ವಾಪಸಾದ. ಹತ್ತೊಂಬತ್ತು ದಿನ. ರಾತ್ರಿಗಳಿಗೆ ಅವನು ಹೆದರಲಿಲ್ಲ, ಹಸಿವಿಗೂ ಅಷ್ಟಾಗಿ ಹೆದರಲಿಲ್ಲ. ತನ್ನ ಗಂಟಲಿನ ಸದ್ದು ತನಗೇ ಮರೆತುಹೋಗುತ್ತಿದೆ ಅನ್ನಿಸಿದ ದಿನ ಮಾತ್ರ ಗಂಟುಮೂಟೆ ಕಟ್ಟಿದ.

ಮತ್ತೆ ಕಾರ್ಖಾನೆಯ ಕೆಲಸಕ್ಕೆ ಹೋಗಿ ಕೇಳಿದರೆ ಸೈಕಲ್ಲಿನವನು ನಕ್ಕು ನಕ್ಕು ಗೋಡೆ ಹಿಡಿದುಕೊಂಡ. ‘ಬರ್ತೀನಿ ಅಂದೆ ಕಣೋ. ಮನೆಗೆ ಹೋಗೋವಾಗ ಮನುಷ್ಯ ಇನ್ನೇನಂತಾನೆ?’ ಅಂದಿನಿಂದ ಆ ಪಾಳಿಯಲ್ಲಿ ಯಾರು ಕಕ್ಕಸಿಗೆ ಹೊರಟರೂ ಇವನ ಕಡೆ ತಿರುಗಿ ‘ಸನ್ಯಾಸೀ, ಬರ್ತೀನಿ’ ಅನ್ನುವುದು ಒಂದು ಆಟವಾಯಿತು. ಎರಡು ತಿಂಗಳು ತಡೆದುಕೊಂಡ. ಆಮೇಲೆ ಕೆಲಸ ಬಿಟ್ಟ.

ಬಿಟ್ಟವನು ಎಲ್ಲಿಗೆ ಹೋದಾನು? ಬಸ್ ನಿಲ್ದಾಣದ ಬೆಂಚಿನ ಮೇಲೆ ಹೋಗಿ ಕೂತ. ದಿನಾ ಕೂತ. ಅಲ್ಲಿ ಮೈಕಿನಲ್ಲಿ ಬಸ್ಸಿನ ಹೊತ್ತು ಕೂಗುತ್ತಿದ್ದ ಮುದುಕನಿಗೆ ಕೆಮ್ಮು. ಅವನೇ ಕರೆದು, ‘ಹೇಗೂ ಇಲ್ಲೇ ಬಿದ್ದಿರ್ತೀಯ, ಒಳಗೆ ಬಂದು ಕೂತ್ಕೋ, ನನ್ನ ಗಂಟಲಿಗಾದ್ರೂ ಪುಣ್ಯ ಬರ್ಲಿ’ ಎಂದ. ಹೀಗೆ ಕೆಲಸ ಸಿಕ್ಕಿತು. ಮುದುಕ ಕಲಿಸಿದ ಪಾಠ ಒಂದೇ. ಹೊರಡುವ ಬಸ್ಸನ್ನು ಮಾತ್ರ ಕೂಗಬೇಕು. ಬರುವ ಬಸ್ಸನ್ನು ಕೂಗಬಾರದು. ಯಾಕೆ ಎಂದು ಕೇಳಿದ್ದಕ್ಕೆ, ‘ಬಂದದ್ದು ಕಣ್ಣಿಗೇ ಕಾಣುತ್ತಲ್ಲಯ್ಯಾ’ ಎಂದ.

ಗಾಜಿನ ಗೂಡು ಅದು. ಮೇಜು, ಬಗ್ಗಿದ ಕತ್ತಿನ ಮೈಕು, ಸದ್ದು ಮಾಡುವ ಫ್ಯಾನು. ವಿಚಾರಿಸುವವರಿಗೆಂದು ಗಾಜಿನಲ್ಲಿ ಒಂದು ರಂಧ್ರ ಕೊರೆದಿದ್ದರು, ಅದನ್ನು ಎಷ್ಟು ಕೆಳಗೆ ಕೊರೆದಿದ್ದರೆಂದರೆ ಬಗ್ಗಿ ಕೇಳುವವರ ಬಾಯಿ, ಗಲ್ಲ ಮಾತ್ರ ಇವನ ಕಣ್ಣಿಗೆ ನೇರ ಬರುತ್ತಿತ್ತು. ಬಾಯಿ ಕೇಳುತ್ತಿತ್ತು, ಇವನು ಹೇಳುತ್ತಿದ್ದ, ಬಾಯಿ ಹೋಗುತ್ತಿತ್ತು. ‘ಪ್ರಯಾಣಿಕರ ಗಮನಕ್ಕೆ’ ಎಂದರೆ ಸಾವಿರ ಜನ ಕಿವಿ ನೆಟ್ಟಗೆ ಮಾಡುತ್ತಿದ್ದರು. ಅದೇ ಗಂಟಲು ಸಂಜೆ ಅಂಗಡಿಯಲ್ಲಿ ಸೋಪು ಕೇಳಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹಾಗೇ ಹೋಯಿತು. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ.

ಎರಡನೆಯ ತಟ್ಟೆ ಬಂದದ್ದು ಅಕ್ಕ ತೀರಿಕೊಂಡ ವರ್ಷ. ಭಾವ ಬೇರೆ ಮದುವೆಯಾಗಿ ಬೇರೆ ಊರು ಸೇರಿದ. ಏಳು ವರ್ಷದ ಮಗಳು ಮಾವನ ಪಾಲಿಗೆ ಬಂದಳು. ಹಿಡಿಯಷ್ಟು ಹುಡುಗಿ, ಆದರೆ ಮಾತು ಖಾರ, ಅದಕ್ಕೇ ಇವನು ಅವಳನ್ನು ಮೆಣಸಿ ಎಂದು ಕರೆದ. ಮೊದಲ ದಿನ ಶಾಲೆಗೆ ಹೊರಟು ಬಾಗಿಲಲ್ಲಿ ‘ಬರ್ತೀನಿ ಮಾವ’ ಅಂದಾಗ ಇವನು ತಡೆದು ನಿಲ್ಲಿಸಿದ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದ. ‘ನೋಡು ಮೆಣಸಿ, ಈ ಮನೇಲಿ ಒಂದು ಕಟ್ಟಳೆ. ಹೋಗೋವಾಗ ಹೋಗ್ತೀನಿ ಅನ್ನು. ಬರ್ತೀನಿ ಅನ್ನೋದನ್ನ ಖಂಡಿತ ಬರೋಳಿದ್ರೆ ಮಾತ್ರ ಅನ್ನು.’ ಮಗು ತಲೆಯಾಡಿಸಿತು. ಹದಿನೈದು ವರ್ಷ ಅವಳು ಬೆಳಿಗ್ಗೆ ಹೋಗ್ತೀನಿ ಎಂದು ಹೋದಳು, ಸಂಜೆ ಬಂದಳು. ನೆರೆಮನೆಯಾಕೆ ಕೇಳಿಸಿಕೊಂಡು, ‘ಮಾವನಿಗೆ ತಕ್ಕ ಸೊಸೆ’ ಎಂದು ಕಿಸಕ್ಕನೆ ನಗುತ್ತಿದ್ದಳು. ಆ ಹದಿನೈದು ವರ್ಷ ಅವನಿಗೆ ಒಂಟಿತನ ಅನ್ನುವುದು ಮರೆತೇ ಹೋಗಿತ್ತು.

ಮೆಣಸಿ ಬೆಳೆದು ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದಳು. ಒಂದು ಸಂಜೆ ತಟ್ಟೆಯ ಮುಂದೆ ಕೂತವಳು ಊಟ ಮುಟ್ಟದೆ ಹೇಳಿದಳು.

‘ಮಾವ, ನಾವು ನಾಲ್ಕು ಜನ ಹೋಗ್ತಿದೀವಿ. ಗುಡ್ಡದ ಹಿಂದೆ ಒಬ್ಬಳ ಅಜ್ಜಿ ಜಾಗ ಪಾಳು ಬಿದ್ದಿದೆ. ಕರೆಂಟಿಲ್ಲ, ಫೋನಿಲ್ಲ. ಅಲ್ಲೇ ಇರೋದು.’

ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ‘ಎಷ್ಟು ದಿನಕ್ಕೆ?’

‘ದಿನಕ್ಕಲ್ಲ ಮಾವ. ಇರೋಕೆ.’ ಆಮೇಲೆ ಮೆಲ್ಲಗೆ, ‘ದಿನಕ್ಕೆ ನಲವತ್ತು ಜನಕ್ಕೆ ಕಣ್ಣು ಕಾಣೋ ಹಾಗೆ ಮಾಡ್ತೀನಿ. ನಾನು ನೋಡೋದು ಮಾತ್ರ ಅದೇ ಗೋಡೆ’ ಎಂದಳು.

ಬೇರೆ ಯಾರಾದರೂ ಆಗಿದ್ದರೆ ತಲೆ ಕೆಟ್ಟಿದೆಯಾ ಎಂದು ಗದರುತ್ತಿದ್ದರು. ಇವನು ಯಾವ ಬಾಯಿಂದ ಗದರಬೇಕು? ‘ನೀರು?’ ಎಂದ. ಬಾವಿ ಇದೆ ಅಂದಳು. ‘ಉಪ್ಪು ಜಾಸ್ತಿ ಇಟ್ಕೋ. ಬೆಂಕಿಪೊಟ್ಟಣ ತೇವ ಆಗದ ಹಾಗೆ ಡಬ್ಬೀಲಿಡು.’ ಕೊನೆಗೆ ಬಹಳ ಹೊತ್ತಿನಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿದ. ‘ಮಿಕ್ಕ ಮೂವರು ಏನಂದ್ರು?’

‘ಬರ್ತೀವಿ ಅಂದ್ರು.’

ಅಷ್ಟು ಕೇಳಿದ್ದೇ ತಡ, ಅವನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಬರ್ತೀವಿ ಅಂದರಂತೆ. ಸರಿ ಹಾಗಾದರೆ, ಯಾರೂ ಬರುವುದಿಲ್ಲ. ಹುಡುಗಿ ಬೆಂಚಿನ ಮೇಲೆ ಒಂದು ಗಂಟೆ ಕಾಯುತ್ತಾಳೆ, ಅಳುತ್ತಾಳೆ, ಮನೆಗೆ ಬರುತ್ತಾಳೆ. ತನಗೆ ಆದಂತೆ ಅವಳಿಗೂ ಆಗಲಿ ಎಂದು ಬಯಸುವುದು ಮಾವನಾದವನ ಲಕ್ಷಣವಲ್ಲ ಎಂದು ಅವನಿಗೂ ಗೊತ್ತಿತ್ತು, ನಾಚಿಕೆಯೂ ಆಯಿತು. ಆದರೂ ಬಯಸಿದ. ಅವಳು ಹೋದರೆ ಆ ಮನೆಯಲ್ಲಿ ಉಳಿಯುವುದೇನು? ಮುಂದಿನ ಎರಡು ವಾರ ಅವಳ ಚೀಲ ತುಂಬಿಸಲು ಅವನೇ ಮುಂದೆ ನಿಂತ. ಹಗ್ಗ ತಂದ, ಕೊಡಲಿಗೆ ಹೊಸ ಹಿಡಿ ಹಾಕಿಸಿದ. ಒಂದನ್ನು ಮಾತ್ರ ಅಟ್ಟದಿಂದ ಇಳಿಸಲಿಲ್ಲ, ಆ ನಾಲ್ಕು ಜನರ ಪಾತ್ರೆಯನ್ನು.

ಹೊರಡುವ ದಿನ ಇಬ್ಬರೂ ಒಟ್ಟಿಗೇ ನಿಲ್ದಾಣಕ್ಕೆ ಬಂದರು. ಗುಡ್ಡದ ಬಸ್ಸು ಆರನೇ ಅಂಕಣದಿಂದ ಏಳೂ ಹತ್ತಕ್ಕೆ. ಅವಳು ಅಲ್ಲಿನ ಬೆಂಚಿನ ಮೇಲೆ ಕೂತಳು, ಅವನು ಗೂಡಿನೊಳಗೆ ಕೂತ. ಮಧ್ಯಾಹ್ನದ ಊಟವನ್ನು ಇಬ್ಬರಿಗಾಗುವಷ್ಟು ಕಟ್ಟಿ ತಂದಿದ್ದ. ಅವಳಿಗೆ ಹೇಳುವ ಮಾತನ್ನೂ ಕಟ್ಟಿಟ್ಟುಕೊಂಡಿದ್ದ: ಹೋಗ್ಲಿ ಬಿಡು ಕಣೇ, ನಂಗೂ ಹಿಂಗೇ ಆಗಿತ್ತು. ಮೂವತ್ತು ವರ್ಷದಲ್ಲಿ ಯಾರಿಗೂ ಹೇಳದ ಕಥೆಯನ್ನು ಇವತ್ತು ಅವಳೊಬ್ಬಳಿಗೆ ಹೇಳಬೇಕು ಎಂದಿದ್ದ. ಆರೂವರೆಯಾಯಿತು. ಆರೂ ಮುಕ್ಕಾಲಾಯಿತು. ಯಾರೂ ಇಲ್ಲ. ಅವನು ಗಾಜಿನಿಂದ ಅವಳ ಬೆನ್ನನ್ನೇ ನೋಡುತ್ತಿದ್ದ.

ಆರೂ ಐವತ್ತಕ್ಕೆ ಮೂವರೂ ಬಂದರು.

ಒಬ್ಬಳು ಬುಟ್ಟಿಯಲ್ಲಿ ಸಸಿ ಹೊತ್ತಿದ್ದಳು. ಒಬ್ಬನ ಹೆಗಲಲ್ಲಿ ಗುದ್ದಲಿ. ಇನ್ನೊಬ್ಬ ಓಡಿಬಂದವನು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ, ‘ಹೆದರಿದ್ಯಾ? ಬರ್ತೀವಿ ಅಂದಿದ್ವಲ್ಲ’ ಎಂದ. ಮೆಣಸಿ ಅವನ ಬೆನ್ನಿಗೊಂದು ಗುದ್ದಿದಳು. ನಾಲ್ವರೂ ನಕ್ಕರು.

ಗೂಡಿನೊಳಗಿಂದ ಅವನು ಎಲ್ಲವನ್ನೂ ನೋಡಿದ. ಹಾಗಾದರೆ ಬರುವವರೂ ಇರುತ್ತಾರೆ. ತಪ್ಪು ಆ ಮಾತಿನದಲ್ಲ. ಮೂವತ್ತು ವರ್ಷ ಒಂದು ಮಾತಿನ ಮೇಲೆ ಹಗೆ ಸಾಧಿಸಿದ್ದಾಯಿತು, ತನ್ನ ಜೊತೆಗೆ ಬರುವವರು ಇರಲಿಲ್ಲ, ಅಷ್ಟೇ. ಅವನಿಗೆ ಆ ಮೂವರು ಮಕ್ಕಳ ಮೇಲೆ ಹೊಟ್ಟೆಕಿಚ್ಚಾಯಿತು, ಅವರ ಕಾಲು ಮುಟ್ಟೋಣ ಎಂದೂ ಅನ್ನಿಸಿತು. ಊಟದ ಡಬ್ಬಿ ಎತ್ತಿಕೊಂಡು, ಬಾಗಿಲು ತೆರೆದು, ಆರನೇ ಅಂಕಣಕ್ಕೆ ಹೋದ.

ಅವರು ಆಗಲೇ ಹತ್ತಿ ಕೂತಿದ್ದರು. ಕಿಟಕಿಯಿಂದ ಡಬ್ಬಿ ಕೊಟ್ಟು, ‘ನಾಲ್ಕು ಜನ ಹಂಚ್ಕೊಳ್ಳಿ’ ಎಂದ.

‘ನಿಂಗೆ, ಮಾವ?’

‘ನಂಗೆ ಇದೆ.’ ಇರಲಿಲ್ಲ.

ಡ್ರೈವರು ಹತ್ತಿ ಕೂತ. ಮೆಣಸಿ ಕಿಟಕಿಯ ಸರಳಿನ ನಡುವೆ ಕೈ ಹಾಕಿ ಅವನ ಕೈ ಹಿಡಿದಳು. ಅವಳ ಕಣ್ಣು ತುಂಬಿತ್ತು.

‘ಹೋಗ್ತೀನಿ ಮಾವ.’

ಹದಿನೈದು ವರ್ಷ ದಿನಾ ಕೇಳಿದ ಮಾತು. ಇವತ್ತು ಕಿವಿಗೆ ಕಾದ ಸೀಸ ಹೊಯ್ದ ಹಾಗಾಯಿತು. ಅವನು ಆ ಕೈ ಬಿಡಲಿಲ್ಲ. ‘ಹಾಗನ್ಬಾರ್ದು ಕಣೇ’ ಎಂದ. ಅಕ್ಕ ಹೇಳುತ್ತಿದ್ದಂತೆಯೇ ಬಂತು ಮಾತು. ‘ಬಿಡ್ತು ಅನ್ನು. ಬರ್ತೀನಿ ಅನ್ನು. ಬಾಯಿ ಮಾತಿಗಾದ್ರೂ ಒಂದು ಸಲ ಅನ್ನಮ್ಮ.’

ಮೆಣಸಿ ಅವನನ್ನೇ ನೋಡಿದಳು. ‘ನೀನೇ ಅಲ್ವಾ ಮಾವ ಹೇಳಿಕೊಟ್ಟಿದ್ದು, ಖಂಡಿತ ಇದ್ರೆ ಮಾತ್ರ ಅಂತ’ ಎಂದಳು. ‘ನಂಗೆ ಗೊತ್ತಿಲ್ಲ. ನಿಂಗೆ ಹೇಗೆ ಸುಳ್ಳು ಹೇಳ್ಲಿ?’

ಹೊತ್ತಾಗಿತ್ತು. ಕೂಗುವವನೇ ಹೊರಗೆ ನಿಂತರೆ ಬಸ್ಸು ಹೊರಡುವುದು ಹೇಗೆ? ಅವನು ಗೂಡಿಗೆ ಓಡಿದ. ಗುಂಡಿ ಒತ್ತಿದ. ‘ಪ್ರಯಾಣಿಕರ ಗಮನಕ್ಕೆ. ಆರನೇ ಅಂಕಣದಲ್ಲಿರುವ ಗುಡ್ಡದ ಮಾರ್ಗದ ಬಸ್ಸು ಈಗ ಹೊರಡಲಿದೆ.’ ಅಷ್ಟಕ್ಕೆ ಮುಗಿಯಬೇಕು. ಮೂವತ್ತು ವರ್ಷ ಅಷ್ಟಕ್ಕೇ ಮುಗಿದಿತ್ತು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಗೇಟಿನ ಕಡೆ ಹೊರಟಿತು. ಅವನು ಗುಂಡಿಯಿಂದ ಬೆರಳು ತೆಗೆಯಲಿಲ್ಲ. ‘ಇದೇ ಬಸ್ಸು,’ ಎಂದ, ‘ಇದೇ ಬಸ್ಸು ಸಂಜೆ ಐದೂವರೆಗೆ ವಾಪಸ್ ಬರುತ್ತದೆ. ದಿನಾ ಬರುತ್ತದೆ.’

ಬೆಂಚಿನ ಮೇಲಿದ್ದವರು ತಲೆಯೆತ್ತಿ ನೋಡಿದರು. ‘ಇದನ್ಯಾರು ಕೇಳಿದ್ರು ಇವನ್ನ?’ ಎಂದು ಒಬ್ಬ ಗೊಣಗಿದ.

ಇದಾಗಿ ಎರಡು ವರ್ಷವಾಯಿತು. ಆ ನಿಲ್ದಾಣದಲ್ಲಿ ಈಗಲೂ ಏಳೂ ಹತ್ತರ ಬಸ್ಸಿಗೆ ಮಾತ್ರ ಆ ಒಂದು ಮಾತು ಹೆಚ್ಚಿಗೆ ಇರುತ್ತದೆ. ದಿನಾ ಕೇಳುವವರಿಗೆ ಅಭ್ಯಾಸವಾಗಿದೆ. ಮೇಲಿನವರೂ ಒಮ್ಮೆ ಕಾರಣ ಕೇಳಿ ಬಿಟ್ಟರು. ಸಂಜೆ ಐದೂವರೆಗೆ ಅವನು ಕುರ್ಚಿಯಿಂದ ಎದ್ದು ಗಾಜಿನ ಹತ್ತಿರ ಬಂದು ನಿಲ್ಲುತ್ತಾನೆ. ಬಸ್ಸಿನಿಂದ ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಾನೆ, ಕೊನೆಯವರು ಇಳಿದು ಕಂಡಕ್ಟರು ಬಾಗಿಲು ಹಾಕುವವರೆಗೆ. ಮೈಕು ಮುಟ್ಟುವುದಿಲ್ಲ. ಬಂದದ್ದು ಕಣ್ಣಿಗೇ ಕಾಣುತ್ತದಲ್ಲ.