ದ್ಯಾವಮ್ಮನ ಮನಿ ಲೆಕ್ಕ

ದ್ಯಾವಮ್ಮ ನನ್ನ ಅಂಗಡಿಗೆ ಕಾಲಿಟ್ಟ ಮೊದಲ ದಿನವೇ ನನ್ನ ಮಾಲಿಗೆ ಬೆಂಕಿ ಹಚ್ಚಿದಳು. ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಉಲ್ಲನ್ ದಾರದ ಅಂಗಡಿ ತೆರೆದು ಇನ್ನೂ ತಿಂಗಳು ತುಂಬಿರಲಿಲ್ಲ. ಇಬ್ಬರು ಗಿರಾಕಿಗಳು ಗುಲಾಬಿ ಬಣ್ಣದ ಉಂಡೆ ಹಿಡಿದು ನೋಡುತ್ತಿದ್ದರು. ಹಣೆ ತುಂಬ ವಿಭೂತಿ ಹಚ್ಚಿದ್ದ ಮುದುಕಿಯೊಬ್ಬಳು ಅವರ ನಡುವೆ ನುಗ್ಗಿ, ದಾರದ ತುದಿಯನ್ನು ಹಲ್ಲಿನಿಂದ ಕಡಿದು, ಸೊಂಟದ ಚೀಲದಿಂದ ಕಡ್ಡಿಪೆಟ್ಟಿಗೆ ತೆಗೆದು ಗೀರಿಯೇ ಬಿಟ್ಟಳು. ದಾರ ಕರಗಿ ಕಪ್ಪು ಮಣಿಯಾಯಿತು. ಆಕೆ ಅದನ್ನು ಮೂಸಿ ನೋಡಿದಳು.

“ಉಣ್ಣಿ ಸುಟ್ರ ಕೂದಲಾ ಸುಟ್ಟ ವಾಸನಿ ಬರಬೇಕು. ಇದು ಪ್ಲಾಸ್ಟಿಕ್ ಅದ. ಉಲ್ಲನ್ ಅಂತ ಬೋರ್ಡ್ ಯಾಕ ಹಾಕೀದಿ, ಯವ್ವಾ?”

ಗಿರಾಕಿಗಳು ಉಂಡೆ ಕೆಳಗಿಟ್ಟು ಹೊರಟುಹೋದರು. ಊರೆಲ್ಲ ಇದನ್ನೇ ಉಲ್ಲನ್ ಎನ್ನುತ್ತದೆ, ನಮ್ಮ ಬಿಸಿಲಿಗೆ ನಿಜವಾದ ಉಣ್ಣೆ ಯಾರು ಕೊಳ್ಳುತ್ತಾರೆ ಎಂದು ನಾನು ತಲೆ ಚಚ್ಚಿಕೊಂಡು ಹೇಳಿದೆ. “ಹಂಗಾದ್ರ ಪ್ಲಾಸ್ಟಿಕ್ ಅಂತ ಬರಿ,” ಎಂದು ಆಕೆ ಸ್ಟೂಲ್ ಎಳೆದುಕೊಂಡು ಕುಳಿತಳು. ಅಂದು ಕುಳಿತವಳು ಆರು ವರ್ಷ ಪ್ರತಿ ಗುರುವಾರ ಬಂದು ಅಲ್ಲೇ ಕುಳಿತಳು. ನಾನು ಒಮ್ಮೆಯೂ ಕರೆದಿರಲಿಲ್ಲ.

ದ್ಯಾವಮ್ಮ ದೇವದುರ್ಗ ತಾಲ್ಲೂಕಿನ ಮಸರಕಲ್‌ನವಳು, ಕುರಿ ಸಾಕುವ ಮನೆತನ. ನಡೆಯಲು ಕಲಿತ ಮೇಲೆ ನೂಲಲು ಕಲಿತೆನೋ, ನೂಲಲು ಕಲಿತ ಮೇಲೆ ನಡೆದೆನೋ ತನಗೆ ನೆನಪಿಲ್ಲ ಎನ್ನುತ್ತಿದ್ದಳು. ಎರಡು ಕಡ್ಡಿಯ ಹೆಣಿಗೆಯನ್ನು ಆಕೆಗೆ ಕಲಿಸಿದ್ದು ದೇವದುರ್ಗದ ಒಬ್ಬ ಖಾಲಾ. ಕಡ್ಡಿಯ ಮೇಲೆ ಏರಿ ಕೂರುವ ಒಂದೊಂದು ಕುಣಿಕೆಗೂ ಖಾಲಾ ತನ್ನ ಉರ್ದುವಿನಲ್ಲಿ ‘ಘರ್’ ಎನ್ನುತ್ತಿದ್ದಳಂತೆ. ದ್ಯಾವಮ್ಮ ಅದನ್ನು ಕನ್ನಡಕ್ಕೆ ತಂದು ‘ಮನಿ’ ಮಾಡಿಕೊಂಡಿದ್ದಳು. “ಎಂಬತ್ತು ಮನಿ ಹಾಕು,” “ಬಗಲಾಗ ಆರು ಮನಿ ಕಮ್ಮಿ ಮಾಡು,” “ಇಲ್ಲೊಂದು ಮನಿ ಬಿಟ್ಟೀದಿ ನೋಡು.” ಈ ಕೊನೆಯ ಮಾತು ಕೇಳಿದರೆ ನನ್ನ ಗಿರಾಕಿಗಳ ಮುಖ ಇಳಿದುಹೋಗುತ್ತಿತ್ತು. ಏಕೆಂದರೆ ಅದರ ಬೆನ್ನಿಗೇ ಬರುತ್ತಿದ್ದದ್ದು “ಬಿಚ್ಚವ್ವಾ.”

ಒಬ್ಬ ವಕೀಲರ ಹೆಂಡತಿ ಮೊಮ್ಮಗನ ಸ್ವೆಟರ್ ಮುಗಿಸಿ ಗುಂಡಿ ಕೊಳ್ಳಲು ಬಂದಿದ್ದರು. ಬರೀ ಗುಂಡಿ. ದ್ಯಾವಮ್ಮ ಅದನ್ನು ಕಸಿದು ಬೆಳಕಿಗೆ ಹಿಡಿದು, ಬೆನ್ನಿನ ಮೇಲೆ ಒಂದು ಮನಿ ಬಿಟ್ಟದ್ದನ್ನು ಹುಡುಕಿದಳು.

“ಯಾರಿಗೂ ಕಾಣಂಗಿಲ್ಲ ಬಿಡ್ರಿ,” ಎಂದರು ಅವರು.

“ನಿನಗ ಈಗ ಗೊತ್ತಾತಲ್ಲ. ಇನ್ನ ನಿನಗ ಅದೇ ಕಾಣ್ತದ.”

ಅವರು ಗುಂಡಿ ಕೊಳ್ಳದೆ ಹೋದರು. ಆ ದಿನ ನಾನು ದ್ಯಾವಮ್ಮನ ಜೊತೆ ಮಾತು ಬಿಟ್ಟೆ. ಮುಂದಿನ ಗುರುವಾರ ಅದೇ ಹೆಂಗಸು ಅರ್ಧ ಬಿಚ್ಚಿದ ಸ್ವೆಟರ್ ಹಿಡಿದು ಬಂದು, ಆಕೆಯ ಪಕ್ಕ ಕುಳಿತು, ಸಂಜೆಯವರೆಗೆ ಎದ್ದೇಳಲಿಲ್ಲ. ಹೋಗುವಾಗ, ಬಹಳ ದಿನದ ಮೇಲೆ ತಲೆ ಹಗುರಾಯಿತು ಎಂದರು. ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ, ಆದರೆ ಆ ಬೆಂಕಿಯಂಥ ಊರಿನಲ್ಲಿ ನನ್ನ ಅಂಗಡಿ ನಿಂತದ್ದು ಹೀಗೆ ಬೈಸಿಕೊಂಡು ತಿರುಗಿ ಬಂದವರಿಂದಲೇ.

ಆದರೂ ಮಾನ್ವಿಯಲ್ಲಿ ಆಕೆ ಮಾಡಿದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮಾನ್ವಿಯಲ್ಲಿರುವ ನನ್ನ ಅಕ್ಕನ ಮಗಳು ರೇಣುಕಾ. ರಜೆಯಲ್ಲಿ ನನ್ನ ಬಳಿ ಇದ್ದು ದ್ಯಾವಮ್ಮನಿಂದ ಹೆಣಿಗೆ ಕಲಿತವಳು. ಅವಳನ್ನು ನೋಡಲು ದೇವದುರ್ಗದ ಹತ್ತಿರದ ಹಳ್ಳಿ ಗೂಗಲ್‌ನಿಂದ ಗಂಡಿನವರು ಬರುವವರಿದ್ದರು. ಹುಡುಗನದು ದೇವದುರ್ಗದಲ್ಲಿ ಗೊಬ್ಬರದ ಅಂಗಡಿ. ಇಬ್ಬರೂ ಫೋನಿನಲ್ಲಿ ಮಾತಾಡಿ ಮೆಚ್ಚಿಕೊಂಡಿದ್ದರು. ನಾನು ಹೊರಟು ನಿಂತಾಗ ದ್ಯಾವಮ್ಮನೂ ಬಸ್ ಹತ್ತಿದಳು. “ನನ್ನ ಹುಡುಗಿನ್ನ ಎಂಥವರು ನೋಡಾಕ ಬರ್ತಾರ, ನಾ ನೋಡಬ್ಯಾಡೇನು?”

ಹುಡುಗಿಯ ಕೈಗೆಲಸ ಎಂದು ತೋರಿಸಲು ಅಕ್ಕ ರೇಣುಕಾ ಹೆಣೆದ ನೀಲಿ ಸ್ವೆಟರ್ ತೆಗೆದಿಟ್ಟಿದ್ದಳು. ದ್ಯಾವಮ್ಮ ಒಳಗಿನ ಕೋಣೆಯಲ್ಲಿ ಅದನ್ನು ಹಿಂದು ಮುಂದು ಮಾಡಿ ನೋಡಿ, ಮಡಚಿಟ್ಟು, ಪಡಸಾಲೆಗೆ ಹೋಗಿ ಹುಡುಗನ ತಾಯಿ ಶರಣಮ್ಮನವರ ಪಕ್ಕದಲ್ಲಿ ಕುಳಿತಳು. ನಾನು ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದೆ. ತಟ್ಟೆ ಹಿಡಿದು ಹೊರಗೆ ಬಂದರೆ ಬೀಗರಾಗಬೇಕಾದವರು ಚಪ್ಪಲಿ ಮೆಟ್ಟುತ್ತಿದ್ದರು. “ಕೆಲಸ ಅದರೀ, ಹೊತ್ತಾತು,” ಎಂದವರು ತಿರುಗಿ ನೋಡಲಿಲ್ಲ.

ಆದದ್ದು ಇಷ್ಟು. ಹುಡುಗಿ ನಿಮಗೆ ಗೊತ್ತೇನು ಎಂದು ಶರಣಮ್ಮ ಕೇಳಿದ್ದಾರೆ. ನಮ್ಮ ದ್ಯಾವಮ್ಮ ಉತ್ತರ ಕೊಟ್ಟಿದ್ದಾಳೆ: “ಗೊತ್ತಿಲ್ದೇನು? ನನ್ನ ಕೈಯಾಗ ತಯಾರಾದಾಕಿ. ಛಲೋ ಹುಡುಗಿ. ಆದ್ರ ಎರಡು ಮನಿ ಬಿಟ್ಟಾಳ. ಮುಚ್ಚಿಟ್ಟಾಳ, ಮ್ಯಾಲ ಕಾಣಂಗಿಲ್ಲ.”

ನಮ್ಮ ಕಡೆ ಹೆಣ್ಣು ಮನೆ ಬಿಟ್ಟಳೆಂದರೆ ಗಂಡನನ್ನು ಬಿಟ್ಟು ಬಂದಳೆಂದೇ ಅರ್ಥ. ಅದೂ ಎರಡು ಮನೆ, ಅದೂ ಮುಚ್ಚಿಟ್ಟು.

ಅಕ್ಕ ಗೋಡೆಗೆ ಒರಗಿ ಅಳತೊಡಗಿದಳು. ನಾನು ಸಂಬಂಧ ತಂದವನಿಗೆ ಫೋನ್ ಮಾಡಿ, ಮನಿ ಎಂದರೆ ಕಡ್ಡಿಯ ಮೇಲಿನ ಕುಣಿಕೆ ಎಂದು ಬಿಡಿಸಿ ಹೇಳಿದೆ. “ಕಥಿ ಛಲೋ ಕಟ್ಟೀರಿ ಅಕ್ಕಾರ,” ಎಂದು ಅವನು ಫೋನ್ ಇಟ್ಟ. ರೇಣುಕಾ ಮಾತ್ರ ಅಳಲಿಲ್ಲ. “ಚಿಗವ್ವಾ, ನನಗ ಅವರು ಮನಸಿಗೆ ಬಂದಿದ್ರು,” ಎಂದಳು. ನಾನು ಬಾಯಿಗೆ ಬಂದಂತೆ ದ್ಯಾವಮ್ಮನನ್ನು ಬೈದೆ. ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದೆ.

“ಬಿಟ್ಟದ್ದು ಖರೇ ಅದ,” ಎಂದಳು ಆಕೆ. ಆಮೇಲೆ ರೇಣುಕಾಳ ಮುಖ ನೋಡಿದವಳು ಎದ್ದು ಒಳಗೆ ಹೋಗಿ, ಮಡಚಿಟ್ಟ ಸ್ವೆಟರನ್ನು ಹೊರಗೆ ತಂದಳು.

ಮರುದಿನ ಬೆಳಿಗ್ಗೆ ದ್ಯಾವಮ್ಮ ನೀಲಿ ಸ್ವೆಟರ್, ಎರಡು ಕಡ್ಡಿ, ಒಂದಿಷ್ಟು ದಾರ ಚೀಲಕ್ಕೆ ಹಾಕಿಕೊಂಡು ಗೂಗಲ್‌ಗೆ ಹೊರಟಳು. ಇನ್ನೇನು ಅನಾಹುತ ಮಾಡುತ್ತಾಳೋ ಎಂದು ನಾನೂ ಬೆನ್ನು ಹತ್ತಿದೆ. ಶರಣಮ್ಮ ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ದ್ಯಾವಮ್ಮ ಹೊಸ್ತಿಲ ಬಳಿ ಕುಳಿತು, ಕಡ್ಡಿಯ ಮೇಲೆ ಇಪ್ಪತ್ತು ಕುಣಿಕೆ ಹಾಕಿ, ಆರು ಸಾಲು ಹೆಣೆದು, ಒಂದನ್ನು ಬೇಕೆಂದೇ ಜಾರಿಸಿದಳು. ಅದು ಸಾಲು ಸಾಲಾಗಿ ಕೆಳಗಿಳಿಯಿತು.

“ಇದು ಮನಿ. ಇದು ಬಿಟ್ಟದ್ದು. ಹುಡುಗಿ ಸ್ವೆಟರಿನಾಗ ಹಿಂಗ ಎರಡು ಅದಾವ. ಒಂದು ಬಗಲಾಗ, ಒಂದು ಕುತ್ತಿಗ್ಯಾಗ.”

ಶರಣಮ್ಮ ಬಗ್ಗಿ ನೋಡಿದರು. “ಇದಕ್ಕ ಮನಿ ಅಂತೀರೇನು?”

“ಮತ್ತೇನನ್ನಲಿ? ದಾರ ಒಳಗ ಹೋಗ್ತದ, ಹೊರಗ ಬರ್ತದ. ಮನಿ ಅಲ್ಲೇನು?”

ಶರಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ನನಗೂ ಉಸಿರು ತಿರುಗಿತು. ಅಷ್ಟಕ್ಕೆ ಬಿಟ್ಟು ಏಳಬಾರದೇ ಈಕೆ?

“ನಗಬ್ಯಾಡ್ರಿ. ತಪ್ಪು ತಪ್ಪ ಅದ,” ಎಂದವಳೇ ರೇಣುಕಾ ಎರಡು ತಿಂಗಳು ಕುಳಿತು ಹೆಣೆದ ಸ್ವೆಟರನ್ನು ಅಲ್ಲೇ ಬಿಚ್ಚತೊಡಗಿದಳು. ಶರಣಮ್ಮನ ಎರಡೂ ಕೈ ಮುಂದೆ ಚಾಚಿಸಿ ದಾರ ಸುತ್ತಿದಳು. ಲಡಿ ಅವರ ಮಡಿಲಿಗೆ ಹಾಕಿ, “ಆಕಿ ಇಲ್ಲಿಗೆ ಬಂದ ಮ್ಯಾಲ ಮತ್ತ ಹೆಣೀಲಿ. ನೀವು ಮನಿ ಎಣಸ್ರಿ,” ಎಂದಳು. ಮದುವೆ ಅಲ್ಲಿಗೆ ಗಟ್ಟಿಯಾಯಿತು. ದ್ಯಾವಮ್ಮ ಕೊನೆಯವರೆಗೂ ತಪ್ಪಾಯಿತು ಎನ್ನಲಿಲ್ಲ.

ಕಳೆದ ವರ್ಷ ಆಕೆಯ ಕಣ್ಣು ಮಂಜಾದವು. ರೇಣುಕಾ ಬಸುರಿ ಎಂದು ತಿಳಿದು, ಅಂಗಡಿಯಲ್ಲಿ ಕುಳಿತು ಕೂಸಿನ ಟೊಪಗಿ ಹೆಣೆಯುತ್ತಿದ್ದಳು. ಮೂರನೆಯ ಸಾಲಿನಲ್ಲಿ ಒಂದು ಕುಣಿಕೆ ಬಿಟ್ಟಿದ್ದನ್ನು ನಾನು ಕಂಡೆ. ಆರು ವರ್ಷ ನನ್ನ ಪ್ರಾಣ ತಿಂದವಳಿಗೆ ತಿರುಗಿಸಿ ಹೇಳುವ ದಿನ ಬಂದಿತ್ತು. ನಾನು ಲೆಕ್ಕದ ಪುಸ್ತಕಕ್ಕೆ ತಲೆ ಬಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಆಕೆಯ ಬೆರಳೇ ಅದನ್ನು ಹಿಡಿಯಿತು.

“ಕಂಡೂ ಸುಮ್ನಿದ್ದಿ?”

“ಇರಲಿ ಬಿಡಬೇ. ಯಾರಿಗೆ ಕಾಣ್ತದ?”

“ನನಗ ಕಾಣಂಗಿಲ್ಲ ಅಂತ ನಿನಗೂ ಕಾಣಬಾರದೇನು? ಬಿಚ್ಚು.”

ನಾನು ಬಿಚ್ಚಿದೆ. ಆಕೆ ಉಂಡೆ ಸುತ್ತಿ, ಮುಂದಿನ ಗುರುವಾರ ಹಾಕುತ್ತೇನೆ ಎಂದು ನನ್ನ ಡ್ರಾಯರಿನಲ್ಲಿಟ್ಟು ಬಸ್ಸಿಗೆ ಹೋದಳು. ಸೋಮವಾರ ಮಸರಕಲ್‌ನಿಂದ ಸುದ್ದಿ ಬಂತು.

ಆ ಉಂಡೆಯಿಂದ ಟೊಪಗಿಯನ್ನು ನಾನೇ ಹೆಣೆದೆ. ಬಿಚ್ಚಿದ ದಾರ ಬೇಗ ನೇರವಾಗುವುದಿಲ್ಲ, ಆಕೆ ಹೆಣೆದ ಸುರುಳಿ ಅದರಲ್ಲಿ ಹಾಗೇ ಇತ್ತು. ಗೂಗಲ್‌ನಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತೆಗೆದುಕೊಂಡು ಹೋದೆ. ಮನೆ ತುಂಬ ಹೆಂಗಸರು. ಶರಣಮ್ಮ ಟೊಪಗಿಯನ್ನು ಕೈಗೆ ತೆಗೆದುಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಬೆರಳಿನಿಂದ ಜಗ್ಗಿ ನೋಡಿದರು.

“ಬೀಗತಿ, ಒಂದು ಮನಿ ಬಿಟ್ಟೀರಿ ನೋಡ್ರಿ.”

ಯಾರೂ ಬೆಚ್ಚಲಿಲ್ಲ. ಆ ಮನೆಗೆ ಆ ಮಾತು ರೂಢಿಯಾಗಿತ್ತು. ಯಾರಿಗೂ ಕಾಣುವುದಿಲ್ಲ ಬಿಡಿ ಎನ್ನಲು ಬಾಯಿ ತೆರೆದವಳಿಗೆ ಮೊದಲು ಬಂದದ್ದು ದ್ಯಾವಮ್ಮನ ಮೇಲೆ ಸಿಟ್ಟು, ಸತ್ತ ಮೇಲೂ ಬಿಡಲಿಲ್ಲವಲ್ಲ ಎಂದು. ಅದರ ಬೆನ್ನಿಗೇ ಅಳು ಬಂತು. ತೊಟ್ಟಿಲ ಪಕ್ಕದಲ್ಲಿ ಕುಳಿತು ದಾರದ ತುದಿ ಹುಡುಕಿದೆ. ಶರಣಮ್ಮ ಎದುರಿಗೆ ಕುಳಿತು ಎರಡೂ ಕೈ ಚಾಚಿದರು.