ತೊಳೆದ ಸ್ಪಂಜು

ಬಕೆಟ್ಟು ನೀಲಿಯದೇ ಎಂದು ಎಷ್ಟೋ ಸಲ ಹೇಳಿದ್ದೇನೆ, ಆದರೆ ಆ ನೀಲಿ ಬಕೆಟ್ಟು ನಮ್ಮ ಮನೆಗೆ ಬಂದದ್ದು ಆಮೇಲೆ ಇರಬೇಕು. ಹಾಗಾದರೆ ಭದ್ರಾವತಿಯಿಂದ ಬಸ್ಸಿನಲ್ಲಿ, ನನ್ನ ಎರಡು ಮೊಣಕಾಲುಗಳ ನಡುವೆ, ಅಕ್ಕನ ಮೀನು ಬಂದದ್ದು ಯಾವುದರಲ್ಲಿ? ಪೇಂಟಿನ ಖಾಲಿ ಡಬ್ಬಿಯಲ್ಲೇ? ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನೀಲಿ ಬಕೆಟ್ಟಿಗೆ ಮುಚ್ಚಳವೇ ಇಲ್ಲ. ಎರಡೂ ಒಟ್ಟಿಗೆ ನಿಜವಾಗಲಾರವು. ವಾಸನೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಹಳೆಯ ಟ್ಯಾಂಕಿನ ನೀರು: ಪಾಚಿ, ಒದ್ದೆ ಗೋಣಿಚೀಲ, ತಳದಲ್ಲಿ ಕೊಳೆತ ಏನೋ ಒಂದು. ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದು ಎದ್ದು ಹೋದರು. ಅಥವಾ ಅವರ ಸ್ಟಾಪು ಬಂದಿತ್ತು. ಅವರೂ ನನ್ನ ಹಾಗೇ ಹೇಸಿದರು ಎಂದುಕೊಳ್ಳುವುದು ನನಗೆ ಅನುಕೂಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಬ್ಬಳೇ ಇರುತ್ತಾಳೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಆ ಗೋಲ್ಡ್ ಫಿಶ್ ಅವಳ ಹತ್ತಿರ ಎಂಟು ವರ್ಷದಿಂದ ಇತ್ತು. ಬಂದಾಗ ಕಿತ್ತಳೆ ಬಣ್ಣ, ಆಮೇಲಾಮೇಲೆ ಬೆಳ್ಳಗಾಗುತ್ತಾ ಹೋಗಿ ಕೊನೆಗೆ ಬೆನ್ನ ಮೇಲೆ ಒಂದು ಪಟ್ಟಿ ಮಾತ್ರ ಕಿತ್ತಳೆ ಉಳಿದಿತ್ತು. ಅವಳು ಸ್ಕೂಲಿಂದ ಬಂದು ಬೀಗ ತೆಗೆದರೆ ಗಾಜಿನ ಹತ್ತಿರ ಬರುತ್ತಿತ್ತು. ಅವಳ ಬೆರಳಿನಿಂದಲೇ ತಿನ್ನುತ್ತಿತ್ತು. ನಮ್ಮದೋ, ಮೊಟ್ಟೆಯನ್ನೂ ಒಳಗೆ ತರದ, ಲಿಂಗಪೂಜೆಯಾಗದೆ ಕಾಫಿ ಕುಡಿಯದ ಮನೆತನ. ಒಣಗಿದ ಹುಳವನ್ನು ಚಿಟಿಕೆಯಲ್ಲಿ ಹಿಡಿದ ಅಕ್ಕನನ್ನು ನೋಡಿ ಚಿಕ್ಕಮ್ಮ ಒಮ್ಮೆ, "ಪೂಜೆ ಮಾಡೋ ಕೈಯಲ್ಲಿ ಹುಳ ಹಿಡೀತೀಯಲ್ಲೇ" ಎಂದಿದ್ದಳು.

"ಕೈ ತೊಳ್ಕೊಂಡೇ ಹಿಡೀತೀನಿ ಚಿಕ್ಕಮ್ಮ. ಇಲ್ದಿದ್ರೆ ಹುಳಕ್ಕೆ ಮೈಲಿಗೆ."

ಅಕ್ಕ ಮನೆಯ ಹಳೇ ಕೆಂಪು ನೆಲ ಕೀಳಿಸಿ ಟೈಲ್ಸ್ ಹಾಕಿಸುವವಳಿದ್ದಳು. ಕಟಿಂಗ್ ಮಷೀನಿನ ಧೂಳಿನಲ್ಲಿ ಮೀನು ಉಳಿಯುವುದಿಲ್ಲ ಎಂದು ಅವಳ ಲೆಕ್ಕ. ಹಳೇ ಟ್ಯಾಂಕಿನ ಮೂಲೆಯೂ ಒಸರುತ್ತಿತ್ತು. "ಒಂದು ತಿಂಗಳು ನಿನ್ನ ಹತ್ರ ಇರಲಿ" ಎಂದಳು. "ಹೊಸ ಟ್ಯಾಂಕು, ಹೊಸ ಫಿಲ್ಟರು ನೋಡಿ ತಗೊಂಡಿರು. ಆಮೇಲೆ ಅದನ್ನೇ ಹೊತ್ಕೊಂಡು ಬರ್ತೀನಿ. ಬೇರೆ ಯಾರಿಗೂ ಕೊಡೋಕೆ ಧೈರ್ಯ ಇಲ್ಲ ಮಾರಾಯ."

ಆದ್ದರಿಂದ, ಬಸ್ಸಿಗೆ ನಾಲ್ಕು ದಿನ ಮೊದಲು, ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯ ಒಂದು ಅಂಗಡಿಗೆ ಹೋದೆ. ಮೀನಿನ ಅಂಗಡಿಗಳ ಬಗ್ಗೆ ಯಾರಾದರೂ ಕಾವ್ಯಮಯವಾಗಿ ಬರೆದರೆ ಅವರು ಒಳಗೆ ಹೋಗಿಲ್ಲ ಎಂದೇ ಅರ್ಥ. ನೆಲ ಒದ್ದೆ, ಗೋಡೆ ಒದ್ದೆ, ಉಸಿರೆಳೆದರೆ ಮೂಗೂ ಒದ್ದೆ. ಒಂದು ಕಪ್ಪು ಮೀನು ತನ್ನ ಬಾಯಿಯನ್ನು ಗಾಜಿಗೆ ಅಂಟಿಸಿಕೊಂಡು, ಗಂಟಲಿನ ಒಳಭಾಗವನ್ನು ಬಂದವರಿಗೆಲ್ಲ ತೋರಿಸುತ್ತಿತ್ತು. ಇನ್ನೊಂದು ಟ್ಯಾಂಕಿನಲ್ಲಿ ಪ್ಲಾಸ್ಟಿಕ್ಕಿನ ತಲೆಬುರುಡೆ, ಅರೆ ನಿಮಿಷಕ್ಕೊಮ್ಮೆ ದವಡೆ ತೆಗೆದು ಗುಳ್ಳೆ ಉಗುಳುತ್ತಿತ್ತು. ಅದರ ಹಿಂದೆ ಸತ್ತ ಸಣ್ಣ ಮೀನೊಂದನ್ನು ಬದುಕಿದ್ದವು ಸಾವಧಾನವಾಗಿ ಕಿತ್ತು ತಿನ್ನುತ್ತಿದ್ದವು.

ಅಂಗಡಿಯವನು ಗೋರಂಟಿ ಹಚ್ಚಿದ ಗಡ್ಡದ ಮನುಷ್ಯ. ಶರ್ಟಿನ ತೋಳು ಮೊಣಕೈವರೆಗೂ ನೆನೆದಿತ್ತು.

"ಎಷ್ಟು ಮೀನು ಸಾರ್?"

"ಒಂದೇ. ಗೋಲ್ಡ್ ಫಿಶ್, ಎಂಟು ವರ್ಷದ್ದು."

"ಎಂಟಾ? ಅದು ಮೀನಲ್ಲ ಸಾರ್, ಮನೆ ಯಜಮಾನ."

ಅವನು ಮೂರು ಫಿಲ್ಟರುಗಳನ್ನು ಮೇಜಿನ ಮೇಲಿಟ್ಟ. ಮೊದಲನೆಯದು ಕಪ್ಪು ಸ್ಪಂಜಿನ ಉರುಳೆ. ಗಾಳಿ ಪಂಪಿನ ಕೊಳವೆ ಸಿಕ್ಕಿಸಿ ನೀರೊಳಗೆ ಇಡುವುದು. ಎರಡನೆಯದು ಟ್ಯಾಂಕಿನ ಅಂಚಿಗೆ ನೇತುಹಾಕುವ ಪೆಟ್ಟಿಗೆ, ಒಳಗೆ ಬಿಳಿ ಹತ್ತಿಯ ಬಿಲ್ಲೆ. ಮೂರನೆಯದು ಟ್ಯಾಂಕಿನ ಕೆಳಗೆ ಬಚ್ಚಿಡುವ, ಪ್ರೆಷರ್ ಕುಕ್ಕರಿನಂಥ ಡಬ್ಬ. ಅದು ಒಂದು ಮೀನಿಗೆ ಅತಿಯಾಯಿತು ಎಂದು ಅವನೇ ಪಕ್ಕಕ್ಕೆ ಸರಿಸಿದ. ಕಪ್ಪು ಸ್ಪಂಜನ್ನು ನನ್ನ ಕಡೆ ತಳ್ಳಿದ.

"ಇದು ತಗೊಳ್ಳಿ. ನೋಡೋಕೆ ಚೆಂದ ಇಲ್ಲ, ಕೆಲಸ ಪಕ್ಕಾ."

ಅದು ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ತನ್ನ ಟ್ಯಾಂಕಿನಿಂದ ಅಂಥದೇ ಒಂದನ್ನು ಎತ್ತಿದ. ಅದಕ್ಕೆ ಕಂದು ತುಪ್ಪಟ ಬೆಳೆದಿತ್ತು. ನೀರಲ್ಲಿ ಸತ್ತ ಹೆಗ್ಗಣವನ್ನು ಬಾಲ ಹಿಡಿದು ಎತ್ತಿದ ಹಾಗೆ ಹಿಡಿದು, ಒಂದು ಮಗ್ಗಿನಲ್ಲಿ ಹಿಂಡಿದ. ಕಷಾಯದಂಥದ್ದು ಇಳಿಯಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಇದೇ ಸಾರ್ ಜೀವ. ಇದರಲ್ಲಿ ಕಣ್ಣಿಗೆ ಕಾಣದ ಹುಳ ಇರ್ತಾವೆ. ಮೀನಿನ ಗಲೀಜು ವಿಷ ಆಗೋಕೆ ಬಿಡಲ್ಲ, ತಿಂದು ಮುಗಿಸ್ತಾವೆ."

"ಕೊಳೆ ಕಾಣದ ಹಾಗಿರೋದು ಯಾವುದು?" ಎಂದೆ.

"ಕಾಣ್ದೇ ಇದ್ರೆ ಕೊಳೆ ಎಲ್ಲಿಗೆ ಹೋಗುತ್ತೆ ಸಾರ್? ನಿಮ್ಮನೆ ಕಾರ್ಪೆಟ್ ಕೆಳಗಾ?"

ನಾನು ಎರಡನೆಯದನ್ನು ಆರಿಸಿಕೊಂಡೆ. ಬಿಳಿ ಬಿಲ್ಲೆ ಕೊಳೆಯಾದರೆ ಕವರಿಗೆ ಹಾಕಿ ಬಿಸಾಡಬಹುದು, ಏನನ್ನೂ ಹಿಂಡುವುದಿಲ್ಲ, ಏನೂ ಇಳಿಯುವುದಿಲ್ಲ. ಅವನು ಜಗಳವಾಡಲಿಲ್ಲ. "ನಿಮ್ಮ ಇಷ್ಟ. ಆದ್ರೆ ಹಳೇ ಟ್ಯಾಂಕಿನ ಸ್ಪಂಜು ಇದ್ರೆ ಬಿಲ್ಲೆ ಹಿಂದೆ ತುರುಕಿ. ಬಿಲ್ಕುಲ್ ತೊಳೀಬೇಡಿ" ಎಂದ. ಪ್ಯಾಕ್ ಮಾಡುವಾಗ ಇನ್ನೊಂದು ಸಲ ಹೇಳಿದ. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ನೆನಪಿರದಿದ್ದರೆ ಒಳ್ಳೆಯದಿತ್ತು.

ಅಕ್ಕನೂ ಅದನ್ನೇ ಹೇಳಿದಳು. ಮೀನಿನ ಜೊತೆ, ಹಾಲಿನ ಖಾಲಿ ಪ್ಯಾಕೆಟ್ಟಿನಲ್ಲಿ ಟ್ಯಾಂಕಿನ ನೀರು ಹಾಕಿ, ಅದರೊಳಗೆ ತನ್ನ ಹಳೇ ಫಿಲ್ಟರಿನ ಸ್ಪಂಜನ್ನಿಟ್ಟು ಗಂಟು ಕಟ್ಟಿ ಕೊಟ್ಟಳು. "ಇದು ಹೆಪ್ಪು ಅಂತ ತಿಳ್ಕೋ. ಪಾತ್ರೆ ಎಷ್ಟೇ ಫಳಫಳ ತೊಳ್ದಿದ್ರೂ ಹೆಪ್ಪಿಲ್ದೆ ಹಾಲು ಮೊಸರಾಗಲ್ಲ. ತೊಳೀಬೇಡ."

ತೊಳೆದೆ.

ಹಿಂಬದಿಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ನಲ್ಲಿಯ ಕೆಳಗೆ. ಗೋಪಾಳ ಬಡಾವಣೆಯ ನಮ್ಮ ನಲ್ಲಿಗೆ ಬರುವುದು ತುಂಗೆಯ ನೀರು. ಗಂಗಾಸ್ನಾನ ತುಂಗಾಪಾನ ಎಂದು ಚಿಕ್ಕಂದಿನಿಂದ ಕೇಳಿದವನು, ಅಂಥ ನೀರಿನಲ್ಲಿ ತೊಳೆದರೆ ಏನು ತಪ್ಪು ಎಂದುಕೊಂಡೆನೋ, ಅಥವಾ ಈಗ ಬರೆಯುವಾಗ ಅಂದುಕೊಳ್ಳುತ್ತಿದ್ದೇನೋ. ಆ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಇರುತ್ತಿತ್ತು; ನನಗೆ ಅದು ಶುದ್ಧಿಯ ವಾಸನೆ. ಪ್ಯಾಕೆಟ್ಟು ಬಿಚ್ಚಿದಾಗ ಸ್ಪಂಜು ಅಂಗೈಯಲ್ಲಿ ಜಾರಿತು, ಲೋಳೆ ಬೆರಳ ಸಂದಿಗೆ ಇಳಿಯಿತು. ಯಾರದೋ ಒಳಗಿನ ಅಂಗವನ್ನು ಹಿಡಿದುಕೊಂಡ ಹಾಗಾಯಿತು. ನೀರು ತಿಳಿಯಾಗುವವರೆಗೂ ಹಿಂಡಿದೆ. ಸೋಪು ಹಾಕಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪು ನನ್ನ ಪರ ವಕೀಲ.

"ಅಕ್ಕ ತೊಳೀಬೇಡ ಅಂದಿದ್ರಲ್ಲ?" ಹೆಂಡತಿ ಅಡಿಗೆಮನೆಯ ಬಾಗಿಲಿಂದ ಕೇಳಿದಳು.

"ಸ್ವಲ್ಪ ಅದ್ದಿದ್ದಷ್ಟೆ ಮಾರಾಯ್ತಿ."

"ಸ್ವಲ್ಪನಾ? ಹಳದಿ ಆಗಿದ್ದು ಹೊಸದರ ಹಾಗೆ ಆಗಿದೆ. ನಿಮ್ಮ ಬನಿಯನ್ನೂ ಹೀಗೇ ಅದ್ದಿ ಒಂದಿನ."

ಭದ್ರಾವತಿಯಲ್ಲಿ ನಮ್ಮ ಬಾಲ್ಯದ ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕಬ್ಬಿಣದ ಕಾರ್ಖಾನೆಯ ಚಿಮಣಿಯ ಮಸಿ ಬೀಳುತ್ತಿತ್ತು, ಅಮ್ಮ ದಿನಕ್ಕೆ ಮೂರು ಸಲ ಕಿಟಕಿ ಒರೆಸುತ್ತಿದ್ದಳು, ಅದರಿಂದಲೇ ನನಗೆ ಈ ಕೊಳೆಯ ಭಯ ಬಂತು ಎಂದು ಬರೆದರೆ ಎಲ್ಲ ಕೂಡಿಕೊಳ್ಳುತ್ತದೆ. ಅಷ್ಟು ಚೆನ್ನಾಗಿ ಕೂಡಿಕೊಳ್ಳುವುದರಿಂದಲೇ ನಾನದನ್ನು ನಂಬುವುದಿಲ್ಲ. ಅಕ್ಕ ಅದೇ ಅಂಗಳದಲ್ಲಿ, ಅದೇ ಮಸಿಯಲ್ಲಿ ಬೆಳೆದವಳು.

ಅವತ್ತು ಸಂಜೆ ಅವಳ ಫೋನು ಬಂತು. "ಹೆಪ್ಪು ಹಾಕ್ದ್ಯಾ?"

"ಹಾಕ್ದೆ."

"ತೊಳೀಲಿಲ್ಲ ತಾನೆ?"

"ಇಲ್ಲ."

ಮೂರನೆಯ ದಿನಕ್ಕೆ ಟ್ಯಾಂಕು ಅಕ್ಕಿ ತೊಳೆದ ನೀರಿನ ಹಾಗಾಯಿತು. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಗಾಳಿ ನುಂಗತೊಡಗಿತು. ನಾನು ಏನು ಮಾಡಿದೆ? ಇನ್ನೂ ಶುದ್ಧ ಮಾಡಿದೆ. ಇದ್ದ ನೀರನ್ನೆಲ್ಲ ಚೆಲ್ಲಿ, ನಲ್ಲಿಯಿಂದ ಹೊಸದು ತುಂಬಿದೆ. ಮತ್ತೆ ಮಬ್ಬಾಯಿತು, ಮತ್ತೆ ಚೆಲ್ಲಿದೆ. ಬಿಳಿ ಬಿಲ್ಲೆ ಬದಲಾಯಿಸಿದೆ. ನೀರು ತಿಳಿಯಾಗಿದ್ದ ಒಂದು ಗಳಿಗೆ ನೋಡಿಕೊಂಡು ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. "ಯಾಕೋ ರೆಕ್ಕೆ ಮುದುಡ್ಕೊಂಡಿದೆ" ಎಂದು ಬರೆದಳು. "ಹೊಸ ಜಾಗ" ಎಂದು ಬರೆದೆ.

ಒಂಬತ್ತನೆಯ ದಿನ ಬೆಳಿಗ್ಗೆ ಅದು ಮಗ್ಗುಲಾಗಿ ತೇಲುತ್ತಿತ್ತು. ಒಂಬತ್ತು ಎಂದೇ ನಾನು ಹೇಳುವುದು. ಫೋನಿನಲ್ಲಿ ಉಳಿದಿರುವ ಅಕ್ಕನ ಕರೆಗಳ ತಾರೀಖು ಹಿಡಿದು ಎಣಿಸಿದರೆ ಏಳೇ ಆಗುತ್ತದೆ. ಎರಡು ದಿನ ಹೆಚ್ಚಿಗೆ ಬದುಕಿಸಿದ್ದೇನೆ, ಮಾತಿನಲ್ಲಿ. ರೆಕ್ಕೆಯಲ್ಲಿ ಕೆಂಪು ಗೆರೆಗಳು ಎದ್ದಿದ್ದವು, ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತ್ತು. ಪ್ಲಾಸ್ಟಿಕ್ ಕವರನ್ನು ಕೈಗೆ ಗವಸಿನ ಹಾಗೆ ಹಾಕಿಕೊಂಡು, ಮುಖ ಆಚೆ ತಿರುಗಿಸಿ ಎತ್ತಿದೆ. ಎಂಟು ವರ್ಷ ಅಕ್ಕನ ಬೆರಳಿನಿಂದ ತಿಂದದ್ದನ್ನು ನಾನು ಸತ್ತಮೇಲೂ ಬರಿಗೈಯಿಂದ ಮುಟ್ಟಲಿಲ್ಲ. ಆ ಎಲ್ಲ ಲೋಳೆಗಿಂತ, ಆ ಕಷಾಯಕ್ಕಿಂತ ನನಗೆ ಈಗ ಹೇಸಿಗೆ ಬರುವುದು ಆ ಕವರಿನೊಳಗಿದ್ದ, ಒಣಗಿದ, ಸ್ವಚ್ಛವಾದ ನನ್ನ ಕೈಯನ್ನು ನೆನೆದಾಗ. ಕರಿಬೇವಿನ ಕುಂಡದ ಮಣ್ಣಿನಲ್ಲಿ ಹೂತೆ. ಆ ಗಿಡದ ಒಗ್ಗರಣೆಯನ್ನು ಇವತ್ತಿಗೂ ತಿನ್ನುತ್ತೇವೆ.

ಅಕ್ಕನಿಗೆ ಫೋನು ಮಾಡಿ ಹೇಳಿದೆ. ಅವಳ ಕಡೆಯಿಂದ ಕಟಿಂಗ್ ಮಷೀನಿನ ಸದ್ದು ಮಾತ್ರ ಬರುತ್ತಿತ್ತು. ಆ ಸದ್ದನ್ನು ತಡೆಯಲಾಗದೆ ನಾನೇ ಮುಂದುವರಿಸಿದೆ: "ಫಿಲ್ಟರು ಸರಿ ಇರಲಿಲ್ಲ ಅನ್ಸುತ್ತೆ. ಅಂಗಡಿಯವನು ಇದೇ ಒಳ್ಳೇದು ಅಂತ ಕೊಟ್ಟ."

"ಯಾವ ಅಂಗಡಿ?" ಎಂದಳು.

ಭಾನುವಾರ ಬಂದಳು. ಕೂದಲಲ್ಲಿ ಟೈಲ್ಸಿನ ಬಿಳಿ ಪುಡಿ ಇತ್ತು. ಕುಂಡದ ಹತ್ತಿರ ಸ್ವಲ್ಪ ಹೊತ್ತು ನಿಂತಳು, ಕಾಫಿ ಬೇಡವೆಂದಳು, ಫಿಲ್ಟರನ್ನು ಇದ್ದ ಹಾಗೇ ಬಟ್ಟೆ ಚೀಲಕ್ಕೆ ಹಾಕಿಕೊಂಡಳು. ನಾನು ಜೊತೆಗೆ ಹೋಗದೆ ಇರುವ ಹಾಗಿರಲಿಲ್ಲ. ಆಟೋದಲ್ಲಿ ಹೇಳಿಬಿಡಬೇಕೆಂದು ಬಾಯಿ ತೆರೆದೆ ಎಂದು ಅನೇಕ ಸಲ ನೆನೆಸಿಕೊಂಡಿದ್ದೇನೆ. ತೆರೆದಿರಲಾರೆ.

ಅಂಗಡಿಯಲ್ಲಿ ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. "ಎಂಟು ವರ್ಷ ಸಾಕಿದ ಮೀನು. ಇದರಲ್ಲಿ ಹತ್ತು ದಿನವೂ ತಾಳಲಿಲ್ಲ. ಇದೇ ಒಳ್ಳೇದು ಅಂತ ಯಾಕೆ ಹೇಳಿದ್ರಿ?"

ಅವನು ನನ್ನನ್ನು ನೋಡಿದ. ನಾನು ತಲೆಬುರುಡೆಯನ್ನು ನೋಡಿದೆ. ಅದು ದವಡೆ ತೆಗೆಯಿತು, ಉಗುಳಿತು, ಮುಚ್ಚಿಕೊಂಡಿತು.

ಅವನು ಬಿಲ್ಲೆ ಸರಿಸಿ, ಹಿಂದಿದ್ದ ಸ್ಪಂಜನ್ನು ಹೊರಗೆಳೆದು ಮೂಗಿಗೆ ಹಿಡಿದ. "ವಾಸನೇನೇ ಇಲ್ಲ" ಎಂದ. "ಜೀವ ಇರೋ ಸ್ಪಂಜಿಗೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತೆ ಅಕ್ಕಾ."

ಅಕ್ಕ ಕೈ ಚಾಚಿದಳು. ಅವನು ಕೊಟ್ಟ. ಅವಳೂ ಮೂಸಿದಳು. ಎಷ್ಟು ಹೊತ್ತು ಎಂದು ಹೇಳಲಾರೆ, ಏಕೆಂದರೆ ನಾನು ನೋಡುತ್ತಿರಲಿಲ್ಲ. ಆಮೇಲೆ ಕೇಳಿಸಿದ್ದು ಅವನ ದನಿ: "ಮಾಫ್ ಮಾಡಿ ಅಕ್ಕಾ. ನಾನು ಸರಿಯಾಗಿ ಹೇಳಿಲ್ಲ ಅನ್ಸುತ್ತೆ."

ಎರಡು ಸಲ ಹೇಳಿದ್ದ ಮನುಷ್ಯ. ಪೆಟ್ಟಿಗೆ ವಾಪಸ್ಸು ತೆಗೆದುಕೊಂಡು ಕಪ್ಪು ಸ್ಪಂಜಿನ ಫಿಲ್ಟರು ಕೊಟ್ಟ. ತನ್ನ ಟ್ಯಾಂಕಿನ ತುಪ್ಪಟ ಬೆಳೆದ ಉರುಳೆಯಿಂದ ಒಂದು ತುಂಡನ್ನು ಕತ್ತರಿಯಲ್ಲಿ ಕತ್ತರಿಸಿ, ನೀರಿನ ಜೊತೆ ಕವರಿನಲ್ಲಿ ಕಟ್ಟಿ, ಅಕ್ಕನ ಕೈಗಲ್ಲ, ನನ್ನ ಕೈಗೆ ಕೊಟ್ಟ. ನಾನು ಹಿಡಿದುಕೊಂಡು ನಿಂತೆ. ಹೇಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಅದನ್ನು ನನ್ನಿಂದ ತೆಗೆದುಕೊಳ್ಳುತ್ತಾ, "ಒಳ್ಳೇ ಮನುಷ್ಯ. ತಪ್ಪು ಒಪ್ಕೊಳ್ಳೋರು ಕಡಿಮೆ" ಎಂದಳು. ಅಷ್ಟೇ ಹೇಳಿದಳು, ಅಥವಾ ಅಷ್ಟನ್ನು ಮಾತ್ರ ನಾನು ಉಳಿಸಿಕೊಂಡಿದ್ದೇನೆ.

ಆ ಗಲ್ಲಿಗೆ ಮತ್ತೆ ಹೋಗಿಲ್ಲ. ಅಕ್ಕನ ಹೊಸ ನೆಲದ ಮೇಲೆ ಈಗ ಹೊಸ ಟ್ಯಾಂಕು, ಎರಡು ಮರಿ ಗೋಲ್ಡ್ ಫಿಶ್. ನಾನು ಹೋದಾಗಲೆಲ್ಲ, ತಿಂಡಿಯಾದಮೇಲೆ, ಅವಳು ಟ್ಯಾಂಕಿನದೇ ನೀರನ್ನು ಒಂದು ಮಗ್ಗಿನಲ್ಲಿ ತೆಗೆದು, ಕಪ್ಪು ಸ್ಪಂಜನ್ನು ಕಳಚಿ ನನ್ನ ಮುಂದಿಡುತ್ತಾಳೆ.

"ತಗೋ, ನೀನು ಹಿಂಡು. ಮೂರು ಸಲ ಸಾಕು. ನನಗೆ ಬೆರಳಿನ ಗಂಟು ನೋವು."

ಹಿಂಡುತ್ತೇನೆ. ಕಷಾಯ ಇಳಿಯುತ್ತದೆ. ಅಭ್ಯಾಸವಾಗಿ ಹೇಸಿಗೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಪ್ರತಿ ಸಲವೂ ಉಗುರಿನ ಸಂದಿಯ ವಾಸನೆ ಶಿವಮೊಗ್ಗದವರೆಗೂ ಬರುತ್ತದೆ. ಮಣ್ಣಿನ ವಾಸನೆ ಹೌದೋ ಅಲ್ಲವೋ ತೀರ್ಮಾನಿಸಲಾರೆ. ಅವಳು ಪಕ್ಕದಲ್ಲಿ ನಿಂತು ನೋಡುತ್ತಾಳೆ, ಮೂರಾದ ಮೇಲೆ ಸಾಕು ಎನ್ನುತ್ತಾಳೆ.

ಅವಳ ಬೆರಳಿನ ಗಂಟು ನಿಜವಾಗಿಯೂ ನೋಯುತ್ತದೆಯೇ, ನನಗೆ ಗೊತ್ತಿಲ್ಲ. ಮೀನು ಸತ್ತದ್ದು ತೊಳೆದ ಸ್ಪಂಜಿನಿಂದಲೋ, ನಾನು ಸುರಿದ ನಲ್ಲಿ ನೀರಿನಿಂದಲೋ, ಬಸ್ಸಿನ ಕುಲುಕಾಟದಿಂದಲೋ, ಎಂಟು ವರ್ಷದಿಂದಲೋ, ಗೊತ್ತಿಲ್ಲ. ಅವತ್ತು ಅಂಗಡಿಯಲ್ಲಿ ಸ್ಪಂಜನ್ನು ಮೂಸಿದಾಗ ಅಕ್ಕನಿಗೆ ಏನು ಗೊತ್ತಾಯಿತು ಎಂದು ಕೇಳಬಹುದಿತ್ತು, ಈಗಲೂ ಕೇಳಬಹುದು. ಕೇಳಿಲ್ಲ. ಅವಳಿಗೆ ಗೊತ್ತಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.